ಆ ನಗು ಯಾರದು?

ಚಿಂತಾಮಣಿ

ಮುರಳಿಮೋಹನ್ ಸರ್ ಅವರಿಗೆ ಯಾಮಿನಿಯ ನಮಸ್ಕಾರ.

ತೊದಲುವವರ ಬದುಕಿನ ಬಗ್ಗೆ ನೀವು ಮಾಡುತ್ತಿರುವ ವಿಡಿಯೋಗೆ ನನ್ನ ಒಪ್ಪಿಗೆಯ ಸಹಿ ಕೇಳಿದ್ದೀರಿ. ಅದಕ್ಕೆ ಮುಂಚೆ ಒಂದು ಪ್ರಶ್ನೆಯಿದೆ. ಫೋನಿನಲ್ಲಾದರೆ ನಾನು ಮುಗಿಸುವ ಮೊದಲೇ ನೀವು ಉತ್ತರ ಕೊಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಅಂದು ನಮ್ಮ ಮೆಡಿಕಲ್ ಸ್ಟೋರಿಗೆ ಕ್ಯಾಮೆರಾ ತಂದಾಗ ಒಂದು ನಂಬರ್ ಕೊಟ್ಟು, "ಇದು ಗೌರಿಬಿದನೂರಿನ ಸೀರೆ ಅಂಗಡಿ. ಹೆಸರು ಹೇಳಿ ಮಾತಾಡಿ ಮೇಡಂ" ಎಂದಿರಿ. ನನ್ನ ಹೆಸರಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಕಡೆಯವನು, "ಏನಮ್ಮಾ, ಹೆಸ್ರೇ ಮರ್ತೋಯ್ತಾ?" ಎಂದು ನಕ್ಕು ಫೋನ್ ಇಟ್ಟ. ನಾನು ಅತ್ತೆ. ಕ್ಯಾಮೆರಾ ನನ್ನ ಮುಖದ ಹತ್ತಿರ ಬಂತು.

ನಿನ್ನೆ ನಿಮ್ಮ ಆಫೀಸಿನ ಮೋಹನ್‌ಬಾಬು ಫೋನ್ ಮಾಡಿ, "ಏನಮ್ಮಾ, ಸಹಿ ಆಯ್ತಾ?" ಎಂದರು. ಅದೇ ದನಿ. "ಸೀರೆ ಅಂಗಡಿ ಬಿಟ್ರಾ?" ಎಂದು ಕೇಳಿದೆ. ಕೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಈ ಸಲ ಅವರು ನಗಲಿಲ್ಲ. "ಸರ್ ಹತ್ರಾನೇ ಕೇಳಿ ಮೇಡಂ" ಎಂದರು.

ಕೇಳುತ್ತಿದ್ದೇನೆ. ಆ ನಗು ನಿಮ್ಮ ಏರ್ಪಾಟೇ? ಹೌದಾದರೆ ಆ ಭಾಗ ತೆಗೆದುಹಾಕಿ. ನನ್ನನ್ನು ನೋಡಿ ನಗುವವರು ಊರಲ್ಲೇ ಬೇಕಾದಷ್ಟಿದ್ದಾರೆ, ಹೊಸಬರನ್ನು ಕರೆತರಬೇಕಿರಲಿಲ್ಲ.

ಅದೇ ದಿನ ಅಕ್ಕಯ್ಯಮ್ಮ ಎಂಬ ಅಜ್ಜಿ ಮಾತ್ರೆಗೆ ಬಂದಿದ್ದರು. ಯಾವುದನ್ನು ಯಾವಾಗ ನುಂಗಬೇಕೆಂದು ನಾನು ಹೇಳಿ ಮುಗಿಸುವವರೆಗೂ ಕಾದರು. "ನಿಧಾನಕ್ಕೆ ಹೇಳಮ್ಮ, ಬಸ್ಸು ಬರೋದು ಇನ್ನೂ ತಡ ಐತೆ" ಎಂದರು. ಆಗ ನೀವು ಕ್ಯಾಮೆರಾ ಆಫ್ ಮಾಡಿಸಿದಿರಿ.

ಮುಂದಿನ ವಾರ ಅವರು ಮತ್ತೆ ಬರುತ್ತಾರೆ. ಬೇಕಿದ್ದರೆ ಬಂದು ಚಿತ್ರೀಕರಿಸಿ. ಆದರೆ ಅವರಿಗೆ ಏನನ್ನೂ ಹೇಳಿಕೊಡಬೇಡಿ.

ನಿಮ್ಮ ಉತ್ತರ ನೋಡಿ ಸಹಿಯ ವಿಚಾರ ಯೋಚಿಸುವ,
ಯಾಮಿನಿ