ಮಂಗಳವಾರದ ಬ್ಲಾಗಿನ ಸುವರ್ಣಾಗೆ

ಅಣ್ಣಿಗೇರಿ
ಫೆಬ್ರವರಿ 30, 2141

ಸುವರ್ಣಾ,

ತಾರೀಕು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ನಿನಗೆ ತಿಳಿಯದ ಪದಗಳು ಬಂದರೆ ಕ್ಷಮಿಸು. ಏಕವಚನದಲ್ಲಿ ಕರೆದದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನೀನು ನನ್ನ ತಾಯಿಯ ಅಜ್ಜಿ, ನಿಜ. ಆದರೆ ಈ ಕಾಗದ ಕೈ ಸೇರುವಾಗ ನಿನಗೆ ಮೂವತ್ತೆಂಟು, ನನಗೆ ಎಪ್ಪತ್ತಾರು.

ಇದು ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ. ಬೇರೆಯವರು ಸತ್ತ ತಾಯಿಗೆ, ಬಿಟ್ಟುಹೋದ ಗೆಳೆಯನಿಗೆ ಬರೆಯುತ್ತಾರೆ. ನಾನು ನನ್ನ ಪಾಲಿನದನ್ನು ನಿನ್ನ ಮೇಲೆ ಸುರಿಯುತ್ತಿದ್ದೇನೆ ಎಂದರೆ ನನ್ನ ಹೊಟ್ಟೆಕಿಚ್ಚು ಎಷ್ಟಿರಬೇಕು, ನೀನೇ ಲೆಕ್ಕ ಹಾಕಿಕೋ.

ನೀನು ಮಾಡಿದ್ದೇನು? ರೊಟ್ಟಿ ಬಡಿಯುತ್ತ ಫೋನಿಗೆ ಮಾತಾಡಿದೆ. ಒಂದು ಆಪ್ ಅದನ್ನು ಬರಹ ಮಾಡಿತು. ಇನ್ನೊಂದು ಆ ಬರಹವನ್ನು ಶೀಟಿನ ಸಾಲಿಗೆ ತುಂಬಿತು. ಮತ್ತೊಂದು ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಾಲನ್ನೆತ್ತಿ ಬ್ಲಾಗಿಗೆ ಏರಿಸಿ ಊರವರ ಗ್ರೂಪಿಗೆ ಸುದ್ದಿ ಕಳಿಸಿತು. ಕೋಡಿನ ಒಂದಕ್ಷರ ನಿನಗೆ ಬರುತ್ತಿರಲಿಲ್ಲ. ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಬೆರಳಿನಿಂದ ಗೆರೆ ಎಳೆದೆ, ಅಷ್ಟೇ. ಆಮೇಲೆ "ಸಾಲು ಮುಗಿದರೆ ಮೊದಲಿನಿಂದ" ಎಂಬಲ್ಲಿ ಗುರುತು ಹಾಕಿ ಮಲಗಿದೆ. ಅದು ಇನ್ನೂ ಓಡುತ್ತಿದೆ, ತಾಯಿ. ನೀನು ಸತ್ತೆ, ನಿನ್ನ ಮಗಳು ಸತ್ತಳು, ನನ್ನ ತಾಯಿ ಸತ್ತಳು. ಮಂಗಳವಾರ ಒಂಬತ್ತಾದರೆ ನೀನು ಹಾಜರು.

ಈಗ ನಮ್ಮ ಓಣಿಯಲ್ಲಿ ಮನೆಗೊಂದು ಒಲೆ ಇಲ್ಲ. ಇಪ್ಪತ್ತು ಮನೆಗೆ ಸೇರಿ ಒಂದು ಅಡಿಗೆಮನೆ. ಅದನ್ನು ಕೂಡೊಲೆ ಅನ್ನುತ್ತೇವೆ. ಅದರ ಒಂದು ಬದಿಗೆ ಹೇಳುಗೋಡೆ ಇದೆ, ಸುದ್ದಿ, ನೀರಿನ ಪಾಳಿ, ಹುಟ್ಟು ಸಾವು ಎಲ್ಲ ಅಲ್ಲೇ ಮೂಡುತ್ತವೆ. ಮಂಗಳವಾರ ನಿನ್ನ ಅಡಿಗೆ ಮೂಡುತ್ತದೆ. ಜನ ಹಿಟ್ಟಿನ ಕೈಯಲ್ಲೇ ನಿಂತು ಓದುತ್ತಾರೆ. ನಲವತ್ತು ವರ್ಷದಿಂದ ಆ ಕೂಡೊಲೆಯ ಸೌಟು ಹಿಡಿದವಳು ನಾನು. ನನ್ನನ್ನು ಕೇಳುವವರಿಲ್ಲ.

ನಾನೂ ಬರೆದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು, ಒಂದೊಂದು ಅಕ್ಷರ ಕೂಡಿಸಿ, ನಾಲ್ಕು ಸಲ ತಿದ್ದಿ, ಕಡಲೆಹಿಟ್ಟಿನ ಝುಣಕದ ವಡಿ ಮಾಡುವ ಬಗೆಯನ್ನು ಗೋಡೆಗೆ ಏರಿಸಿದೆ. ಮೂರು ಸಲ ನೋಡಿದ ಲೆಕ್ಕ ಬಂತು. ಅದರಲ್ಲಿ ಎರಡು ಸಲ ನಾನೇ. ನೀನು ನಿನ್ನದನ್ನು ಒಮ್ಮೆಯಾದರೂ ತಿರುಗಿ ಓದಿದೆಯಾ? ಓದಿದ್ದರೆ ಬದನೆಕಾಯಿ ಎಣಗಾಯಿಯ ಸಾಲು ಹಾಗಿರುತ್ತಿರಲಿಲ್ಲ. "ಸಾಸಿವಿ ಚಟಪಟ ಅಂದಮ್ಯಾಲ ಏ ಬಾಗಲಾ ಹಾಕ ಬೆಕ್ಕ ಬಂತು ಬೆಳ್ಳುಳ್ಳಿ ಹಾಕ್ರಿ." ನೀನು ಮನೆಯವರಿಗೆ ಕೂಗಿದ್ದನ್ನೂ ಆಪ್ ಬರೆದುಕೊಂಡಿತು, ತಿದ್ದಿ ನೋಡುವವರಿಲ್ಲದೆ ಅದು ಬ್ಲಾಗಿಗೂ ಏರಿತು. ಇವತ್ತಿಗೂ ಇಲ್ಲಿ ಸಾಸಿವೆ ಸಿಡಿದ ಕೂಡಲೇ ಎಲ್ಲರೂ ಸೇರಿ "ಬೆಕ್ಕ ಬಂತು" ಎಂದು ಕೂಗಿ ಬಾಗಿಲು ಹಾಕುತ್ತಾರೆ. ಓಣಿಯಲ್ಲಿ ಒಂದು ಬೆಕ್ಕೂ ಇಲ್ಲ. ಬೇಸಿಗೆಯಲ್ಲಿ ಬೆಂದುಹೋಗುತ್ತೇವೆ. "ಅಕಿ ಬೆಕ್ಕಿಗೆ ಬೈದಾಳ್ರೋ, ಅಡಗಿ ಅಲ್ಲದು!" ಅಂದೆ. ಪಕ್ಕದ ಮನೆಯ ಈರಪ್ಪ ನನಗೇ ತಿಳಿಹೇಳಿದ: "ಸುಮ್ಮನ ಹೇಳಿರ್ತಾಳೇನ್ಬೇ ಯವ್ವಾ? ಘಮಾ ಹೊರಗ ಹೋಗಬಾರ್ದಂತ ಹೇಳ್ಯಾಳ. ನಿನಗ ತಿಳಿಯೂದಿಲ್ಲ ಬಿಡು." ನಿನ್ನ ಬೈಗುಳ ಶಾಸ್ತ್ರವಾಯಿತು. ನನ್ನ ಬುದ್ಧಿಮಾತು ಬೈಗುಳವಾಯಿತು.

ಇದನ್ನೆಲ್ಲ ಸಹಿಸಿಕೊಂಡೆ. ಈಗ ನನ್ನ ಮೊಮ್ಮಗಳು ಮೈತ್ರಾಳ ಮದುವೆ. ಅವಳು ಹುಟ್ಟಿದ ದಿನವೇ ಅಂದುಕೊಂಡಿದ್ದೆ, ಇವಳ ಮದುವೆಯ ಅಡಿಗೆ ನನ್ನ ಕೈಯದ್ದೇ ಎಂದು. ಮೊನ್ನೆ ಬಂದು ಹೆಗಲ ಮೇಲೆ ಕೈ ಹಾಕಿ, "ಅಜ್ಜೀ, ಎಲ್ಲಾ ಬ್ಲಾಗಿನ್ಯಾಗ ಇದ್ದಂಗನ ಮಾಡಸೂಣು. ನೀ ಛಂದ ಸೀರಿ ಉಟ್ಕೊಂಡು ಕುರ್ಚಿ ಮ್ಯಾಲ ಕುಂದ್ರು" ಅಂದಳು. ಪ್ರೀತಿಯಿಂದಲೇ ಅಂದಳು. ಅದಕ್ಕೇ ಹೆಚ್ಚು ಉರಿಯಿತು. "ಕುರ್ಚಿ ನಿಮ್ಮ ಬ್ಲಾಗಿನ ಮುತ್ತವ್ವಗ ಹಾಕು" ಎಂದು ಎದ್ದು ಬಂದೆ. ಮೂರು ದಿನವಾಯಿತು, ಮಾತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ನಿನ್ನ ಶೀಟು ಇಲ್ಲಿ ಓದಲು ತೆರೆಯುತ್ತದೆ, ಬರೆಯಲು ಬರುವುದಿಲ್ಲ. ಪಾಸ್‌ವರ್ಡು ನಿನ್ನ ಜೊತೆಗೇ ಹೋಯಿತು. ನಲವತ್ತಮೂರನೆಯ ಸಾಲನ್ನು ನೀನು ಖಾಲಿ ಬಿಟ್ಟಿದ್ದೀಯ. ಅದರ ಸರದಿ ಬರುವುದು ಮದುವೆಗೆ ಎಂಟು ದಿನ ಮುಂಚಿನ ಮಂಗಳವಾರ. ಅದನ್ನು ತುಂಬು. ಹಾಗೆ ಮಾಡಿದರೆ ಹಿಂದಿನ ಸುತ್ತುಗಳಲ್ಲೂ ಬಂದಿರಬೇಕಲ್ಲ, ಯಾಕೆ ಬಂದಿಲ್ಲ ಎಂದು ನನ್ನನ್ನು ಕೇಳಬೇಡ. ಶಾಲೆ ಬಿಟ್ಟವಳೆಂದು ಮೊದಲೇ ಹೇಳಿದ್ದೇನೆ.

ಬರೆದು ಹಾಕಬೇಡ, ಯಾರೋ ತುಂಬಿದ್ದಾರೆಂದು ಸಂಶಯಪಡುತ್ತಾರೆ. ರೊಟ್ಟಿ ಬಡಿಯುತ್ತ ಫೋನಿಗೇ ಹೇಳು, ನಿನ್ನ ದನಿಯಲ್ಲೇ: "ಮದುವಿ ಮನ್ಯಾಗ ಅಜ್ಜಿ ಇದ್ರ ಅಡಗಿ ಅಕೀ ಕೈಲೇನ ಮಾಡಸ್ರಿ. ಅಕಿ ಕೈ ರುಚಿ ನನ್ನ ಕೈಗೂ ಇಲ್ಲ."

ಕೊನೆಯ ಮಾತು ಸುಳ್ಳು. ಹೋದ ವರ್ಷ ಯಾರಿಗೂ ಹೇಳದೆ ನಿನ್ನ ಎಣಗಾಯಿ ಮಾಡಿ ತಿಂದು ನೋಡಿದ್ದೇನೆ. ಆದರೂ ಹೇಳು.

ನಿನ್ನ ಮರಿಮಗಳು,
ಚಂಪವ್ವ