ಕಾಡಿನಲ್ಲಿ ಎಳೆದ ಬಿಳಿ ಬಟ್ಟೆ

ತೃಶ್ಶಿಲೇರಿ
8 ಡಿಸೆಂಬರ್ 2024, ಭಾನುವಾರ

ಡಾ. ರವಿಕುಮಾರ್ ಅವರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಹೆಂಡತಿ ಎಂಬ ಪದ ಕಂಡು ಬೆಚ್ಚಬೇಡಿ, ಅದನ್ನು ನೆನಪು ಮಾಡಿಕೊಟ್ಟವರು ನೀವೇ. ನಾವು ಬೇರೆ ಬೇರೆ ಮನೆಯಲ್ಲಿರಲು ತೊಡಗಿ ಮೂರು ವರ್ಷವಾಯಿತು. ಒಂದು ಯುಗಾದಿಗೂ ನಿಮಗೆ ನೆನಪಾಗದ ಹೆಂಡತಿ, ನಿಮ್ಮ ಸಂಶೋಧನೆಗೆ ಒಪ್ಪಿಗೆ ಕೊಡಲಾರೆ ಎಂದ ಕೂಡಲೇ ನೆನಪಾದಳು. ವಿಶ್ವವಿದ್ಯಾಲಯದ ಜೈವಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ನಾರಾಯಣನ್ ಸರ್ ನಿಮ್ಮ ಆಕ್ಷೇಪವನ್ನು ನನಗೆ ಫೋನಿನಲ್ಲಿ ಓದಿ ಹೇಳಿದರು. ಸಮಿತಿಗೆ ಹೊರಗಿನಿಂದ ಬಂದ ಸದಸ್ಯೆಯಾದ ಪಶುವೈದ್ಯೆ ಲತಾಮಣಿ ಕಾನೂನಿನ ಪ್ರಕಾರ ನಿಮ್ಮ ಪತ್ನಿಯಂತೆ, ಆಕೆಗೆ ನಿಮ್ಮ ಮೇಲೆ ಸಿಟ್ಟಂತೆ, ಆದ್ದರಿಂದ ನಿಮ್ಮ ಕಡತ ಬಂದಾಗ ಆಕೆ ಕೂರಬಾರದಂತೆ.

ಸಿಟ್ಟಿದೆ, ಅಲ್ಲಗಳೆಯುವುದಿಲ್ಲ. ಆದರೆ ನವೆಂಬರಿನ ಪರೀಕ್ಷಾ ಹಂತಕ್ಕೆ ಇದೇ ಹೆಂಡತಿ ಕೈ ಎತ್ತಿ ಒಪ್ಪಿಗೆ ಕೊಟ್ಟಾಗ ನಿಮಗೆ ಯಾವ ಕಾನೂನೂ ನೆನಪಾಗಲಿಲ್ಲ. ಅಂದು ನಾನು ಬರೀ ಡಾಕ್ಟರ್ ಲತಾಮಣಿಯಾಗಿದ್ದೆ.

ನಡೆದದ್ದನ್ನು ನೀವು ಪೂರ್ತಿ ಕೇಳಲೇ ಇಲ್ಲ, ಸಭೆಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಗಡಿಯಾರ ನೋಡುತ್ತಿದ್ದಿರಿ. ಕಾಗದವಾದರೆ ಅರ್ಧದಲ್ಲಿ ತಡೆಯಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳ ಕೊನೆಯಲ್ಲಿ ಕಾಡಂಚಿನ ಬುಡಕಟ್ಟಿನವರ ಹಾಡಿಗೆ ಸೀತಳ ಹಸು ನೋಡಲು ಹೋಗಿದ್ದೆ. ಸೀತ ಯಾರೆಂದು ನಿಮಗೆ ಗೊತ್ತಿರಬೇಕು. ಮಂಗನ ಕಾಯಿಲೆ ಹರಡುವ ಉಣುಗು ಹಿಡಿಯಲು, ನಿಮಗಾಗಿ ಕಾಡಿನ ನೆಲದ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆಯುವ ಹೆಂಗಸರಲ್ಲಿ ಒಬ್ಬಳು. ನಿಮ್ಮ ತರಬೇತಿಯ ಫೋಟೋದಲ್ಲಿ ಪ್ರಮಾಣಪತ್ರವನ್ನು ಎದೆಗೆ ಅವುಚಿಕೊಂಡು ನಿಂತವಳು. ಅವಳ ಮಗಳು ಸಿನಿಯ ಬಾಣಂತನ ನಡೆದಿತ್ತು. ಕೂಸನ್ನು ನೋಡಿಕೊಂಡು ಹೋಗಿ ಎಂದು ಒಳಗೆ ಕರೆದಳು. ಕೂಸಿಗೆ ಸುತ್ತಿದ್ದ ಬಟ್ಟೆಯ ಅಂಚಿನಲ್ಲಿ ಕೋಲು ತೂರಿಸಲು ಹೊಲಿದ ಪಟ್ಟಿ ಕಾಣಿಸಿತು. ಅದು ನಿಮ್ಮ ಬಟ್ಟೆ.

ನಾನು ಕೂಗಿಕೊಂಡೆನೇನೋ. ಸೀತ ಗಾಬರಿಯಾದಳು. “ಅದು ಕಳಯಾನ್, ಬಿಸಾಕಾಕ್ ಅಂತ ಹಳದಿ ಚೀಲಕ್ ಹಾಕಿದ್ ತುಣಿ ಅಲ್ವಾ ಡಾಕ್ಟ್ರೇ? ತೋಡಲ್ಲಿ ಚೆಂದಾಗ್ ಒಗ್ದಿವ್ನಿ. ಹುಟ್ಟಿದ್ ಕೂಸಿಗೆ ಯಾರಾರಾ ಹೊಸ ತುಣಿ ಸುತ್ತಾರಾ?” ಎಂದಳು.

ಯಾರೂ ಸುತ್ತುವುದಿಲ್ಲ. ಮುಳ್ಳನ್‌ಕೊಲ್ಲಿಯಲ್ಲಿ ನನ್ನ ಅಮ್ಮ ಸುತ್ತಲಿಲ್ಲ, ಗುಂಡ್ಲುಪೇಟೆಯಲ್ಲಿ ನಿಮ್ಮ ಅಮ್ಮನೂ ಸುತ್ತಲಿಲ್ಲ. ಎಳೆಯ ಮೈಗೆ ಒಗೆದು ಒಗೆದು ಮೆತ್ತಗಾದ ಹಳೆಯ ಬಟ್ಟೆಯೇ ಆಗಬೇಕು. ಪೊದೆಗಳಲ್ಲಿ ತಿಂಗಳೆಲ್ಲ ಎಳೆದು ಸವೆದ ಫ್ಲಾನೆಲ್‌ಗಿಂತ ಮೆತ್ತನೆಯದು ಆ ಮನೆಯಲ್ಲಿ ಇನ್ನೇನಿತ್ತು? ಕೂಸನ್ನು ಬಿಡಿಸಿ, ಬಟ್ಟೆಯನ್ನು ಅಂಗಳಕ್ಕೆ ತಂದು ಹೊಲಿಗೆ ಬಿಚ್ಚಿ ನೋಡಿದೆ. ಪಟ್ಟಿಯೊಳಗೆ ಸಾಸಿವೆಗಿಂತ ಸಣ್ಣ ಉಣುಗೊಂದು ಕಾಲಾಡಿಸುತ್ತಿತ್ತು.

ಕೂಸಿಗೆ ಜ್ವರ ಬರಲಿಲ್ಲ. ದಿನವೂ ಹೋಗಿ ಹಣೆ ಮುಟ್ಟಿ ನೋಡಿ ಬಂದಿದ್ದೇನೆ. ಏನೂ ಆಗಲಿಲ್ಲವಲ್ಲ ಎಂದು ನೀವು ಸಭೆಯಲ್ಲಿ ನಕ್ಕಿರಿ. ಆಗದೇ ಇದ್ದದ್ದು ಅದೃಷ್ಟ, ರವಿ. ಅದೃಷ್ಟಕ್ಕೆ ಒಪ್ಪಿಗೆಯ ಮುದ್ರೆ ಒತ್ತಲು ನನ್ನಿಂದಾಗದು.

ನಿಮ್ಮ ತರಬೇತಿ ಹೇಗಿತ್ತೆಂದು ಆ ಹೆಂಗಸರನ್ನೇ ಕೇಳಿದೆ. ಎಸಿ ಹಾಲ್, ಪರದೆಯ ತುಂಬ ಇಂಗ್ಲಿಷು, ನಿಮ್ಮ ವಿದ್ಯಾರ್ಥಿ ರಜೀಶ್ ಗಡಿಬಿಡಿಯಲ್ಲಿ ಉದುರಿಸಿದ ಮಲಯಾಳ, ಕೊನೆಗೆ ಮೊಟ್ಟೆ ಪಫ್ಸು. ಬಳಸಿದ ಬಟ್ಟೆಯನ್ನು ಹಳದಿ ಚೀಲಕ್ಕೆ ಎಸೆಯಿರಿ ಎಂದರಂತೆ, ಯಾಕೆಂದು ಹೇಳಲಿಲ್ಲವಂತೆ. ಎಸೆದದ್ದು ಬೇಕಾದವರ ಪಾಲು ಎಂದು ಸೀತ ತಿಳಿದಳು. ಒಗೆದರೂ ಹೋಗದ ಅಪಾಯ ಇದರಲ್ಲಿದೆ, ಲ್ಯಾಬಿನ ಹಬೆಯಲ್ಲಿ ಬೇಯಿಸುವವರೆಗೂ ಇದು ಬಟ್ಟೆಯೇ ಅಲ್ಲ ಎಂದು ಒಬ್ಬರಾದರೂ ಹೇಳಿದ್ದರೆ ಅವಳು ಅದನ್ನು ಮನೆಯ ಹೊಸ್ತಿಲು ದಾಟಿಸುತ್ತಿದ್ದಳೇ? ನಾನು ಕೇಳಿದ್ದು ದೊಡ್ಡದೇನಲ್ಲ. ಹಾಡಿಗೇ ಹೋಗಿ, ಬಟ್ಟೆ ಕೈಯಲ್ಲಿ ಹಿಡಿದು, ಅವರ ಮಾತಿನಲ್ಲಿ ಕಲಿಸಿ. ಕಾಡಿಗೆ ಹೋದ ಬಟ್ಟೆಯೆಲ್ಲ ಲ್ಯಾಬಿಗೆ ಮರಳಿತೇ ನೋಡಿ. ಅವರ ಮಾತು ನಿಮ್ಮ ಅಜ್ಜಿಯ ಮಾತಿಗೆ ಎಷ್ಟು ಹತ್ತಿರ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಹೋದ್ಯೋಗಿಗಳ ಮುಂದೆ ಆ ಮಾತಾಡಲು ನಿಮಗೆ ನಾಚಿಕೆ. ಅದಕ್ಕೆ ಕೂತರೆ ಉಣುಗಿನ ಸೀಸನ್ ತಪ್ಪುತ್ತದೆ ಎಂಬ ನಿಮ್ಮ ಮಾತು ಬರೀ ನೆಪ.

ಗುರುವಾರದ ಸಭೆಗೆ ನಾನು ಬರುವುದಿಲ್ಲ. ನಿಯಮ ನಿಮ್ಮ ಕಡೆಗಿದೆ, ಒಪ್ಪಿದೆ. ನಾನಿಲ್ಲದ ಸಭೆಯಲ್ಲಿ ನಿಮಗೆ ಒಪ್ಪಿಗೆಯೂ ಸಿಗುತ್ತದೆ, ಸಿಹಿ ಹಂಚಿಕೊಳ್ಳಿ. ಆದರೆ ಬಟ್ಟೆ ಎಳೆಯಲು ಹಾಡಿಯಿಂದ ಯಾರೂ ಬರುವುದಿಲ್ಲ. ಇದನ್ನು ನಾನು ಹೇಳಿಕೊಟ್ಟೆ ಎಂದು ಇನ್ನೊಂದು ದೂರು ಬರೆಯಬೇಡಿ. ಕೂಲಿ ಹೋಗುತ್ತದಲ್ಲ ಎಂದು ಹಿಂದೇಟು ಹಾಕಿದವಳೇ ನಾನು. ಸೀತ ನನ್ನನ್ನೇ ಗದರಿಸಿದಳು. “ಕಾಪಿ ಕುಯ್ಯಾಕ್ ಹೋಯ್ತೀವಿ ಬುಡಿ, ಕೂಲಿಗೇನ್ ಬರ. ಏನ್ ಎಳೀತಾ ಇವ್ನಿ ಅಂತ ನಂಗ್ ಯೋಳ್ದೇ ನನ್ ಕೈಲಿ ಎಳಿಸುದ್ರಲ್ಲಾ, ಸಾರ್‌ಗೆ ಯೋಳಿ, ಇನ್ ಎಳಿಯಾಕಿಲ್ಲ” ಎಂದಳು. ಇದೋ, ಹೇಳಿದ್ದೇನೆ.

ಗುರುವಾರ ನೀವು ಸಭೆಯಲ್ಲಿರುವ ಹೊತ್ತಿಗೆ ನಾನು ಹಾಡಿಯ ಹಲಸಿನ ಮರದ ಕೆಳಗೆ ತರಬೇತಿ ಶುರು ಮಾಡಿರುತ್ತೇನೆ. ವಿಶ್ವವಿದ್ಯಾಲಯದ ಮುದ್ರೆ ಇಲ್ಲ, ಪಫ್ಸೂ ಇಲ್ಲ. ನನಗೆ ಯಾರ ಅನುಮತಿಯೂ ಬೇಕಿಲ್ಲ. ಮುಂದೆ ಯಾರ ಲ್ಯಾಬಿನವರು ಕರೆದರೂ, ಮೊದಲು ಏನು ಕೇಳಬೇಕು ಎಂಬುದು ಆ ಹೆಂಗಸರಿಗೆ ಗೊತ್ತಿರಬೇಕು, ಅಷ್ಟೇ. ನೀವೂ ಬಂದರೆ ಚಾಪೆಯಲ್ಲಿ ಜಾಗವಿದೆ. ಬರುವುದಿಲ್ಲವಾದರೆ ಬಟ್ಟೆಯನ್ನು ನೀವೇ ಎಳೆಯಿರಿ. ಎಳೆಯುವಾಗ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಚೆಂದ ಕಾಣುವುದಿಲ್ಲ ಎಂದು ನೀವು ಅದನ್ನು ಮಾಡುವುದಿಲ್ಲ, ಬಾಗಿಲಲ್ಲಿ ನಿಲ್ಲಿಸಿ ಹೇಳಲು ಈಗ ಮನೆಯಲ್ಲಿ ಯಾರೂ ಇಲ್ಲ.

ಸದ್ಯಕ್ಕೆ ಸಭೆಯ ಹೊರಗಿರುವ,
ಲತಾಮಣಿ

ಮರೆತಿದ್ದೆ: ಕೂಸಿನ ಮೈಯಿಂದ ಆ ಫ್ಲಾನೆಲ್ ಕಿತ್ತುಕೊಂಡು ಸುಮ್ಮನೆ ಬರಲು ಮನಸ್ಸಾಗಲಿಲ್ಲ. ನಮಗೆ ಕೂಸಾದರೆ ಸುತ್ತಲೆಂದು ನಿಮ್ಮ ಅಮ್ಮ ಕೊಟ್ಟಿದ್ದ ಹಳೆಯ ನೂಲಿನ ಸೀರೆಯನ್ನು ಬೀರುವಿನಿಂದ ತೆಗೆದು ಸೀತಳಿಗೆ ಕೊಟ್ಟೆ. ನೀವು ಕಳಿಸಿದ್ದ ವಿಚ್ಛೇದನದ ಅರ್ಜಿ ಎರಡು ವರ್ಷದಿಂದ ಅದರ ಮಡಿಕೆಯಲ್ಲೇ ಇತ್ತು. ಯಾಕೆ ಸಹಿ ಹಾಕಿರಲಿಲ್ಲ ಎಂದು ನೀವು ಕೇಳಲಿಲ್ಲ, ನಾನು ಹೇಳುವುದೂ ಇಲ್ಲ. ಈಗ ಹಾಕಿದ್ದೇನೆ, ಇದರ ಜೊತೆಗಿದೆ. ಮುಂದಿನ ವರ್ಷ ನಿಮ್ಮ ಕಡತ ಸಮಿತಿಗೆ ಬರುವಷ್ಟರಲ್ಲಿ ನಾನು ಯಾರ ಹೆಂಡತಿಯೂ ಆಗಿರುವುದಿಲ್ಲ. ಆಗ ಕುರ್ಚಿ ಬಿಟ್ಟು ಏಳುವುದಿಲ್ಲ.