ಎರಡನೇ ಅರ್ಧದ ಏಳು ನಿಮಿಷ

ಮಾನ್ವಿ,
೧೨ ನವೆಂಬರ್ ೧೯೮೩, ಶನಿವಾರ

ಪ್ರೀತಿಯ ತಮ್ಮ ತಾಯಣ್ಣನಿಗೆ ಅಕ್ಕ ಸೂಗಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಪಟಿಯಾಲದ ಶಿಬಿರದ ಊಟ ಹಿಡಿಸುತ್ತಿದೆಯೇ? ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ? ಎದೆಯಲ್ಲಿ, ಬೆನ್ನಿನಲ್ಲಿ ನೋವೇನಾದರೂ ಇದೆಯೇ? ಪತ್ರದ ಮೊದಲಿಗೆ ಎಲ್ಲರೂ ಕೇಳುವ ಹಾಗೆ ಕೇಳುತ್ತಿಲ್ಲ. ನೀನೂ "ದೇವರ ದಯೆಯಿಂದ ಕ್ಷೇಮ" ಎಂದು ಬರೆದು ಕೈ ತೊಳೆದುಕೊಳ್ಳಬೇಡ, ಒಂದೊಂದಕ್ಕೂ ಉತ್ತರ ಬೇಕು. ಇಲ್ಲಿ ಅವ್ವ ಗಟ್ಟಿಮುಟ್ಟಾಗಿದ್ದಾಳೆ. ನಿನ್ನೆ ಅರಕೇರಾದಿಂದ ಬರುವಾಗ ಒಂದು ಚೀಲ ಶೇಂಗಾ ತಲೆಯ ಮೇಲೆ ಹೊತ್ತು ತಂದಳು. ಬಸ್ ಸ್ಟ್ಯಾಂಡಿನಿಂದ ಟಾಂಗಾ ಮಾಡಬಾರದಿತ್ತೇ ಎಂದರೆ "ನನಗೇನ್ ಧಾಡಿ ಆಗ್ಯಾದ?" ಎಂದು ನನಗೇ ಬೈದಳು. ನನ್ನ ಶಾಲೆ ಎಂದಿನಂತೆ ನಡೆದಿದೆ. ಎಂಟನೇ ತರಗತಿಯ ಹುಡುಗಿಯರಿಗೆ ಶೇಕಡಾ ಲೆಕ್ಕ ಕಲಿಸಲು ನಿನ್ನ ಹೆಸರೇ ಬೇಕು. ತಾಯಣ್ಣ ಇಷ್ಟು ಸಲ ಎಸೆದ, ಇಷ್ಟು ಬಿದ್ದವು ಎಂದರೆ ಬೇಗ ತಲೆಗೆ ಹತ್ತುತ್ತದೆ.

ನೀನು ಕಳಿಸಿದ ಕ್ವಾಲಾಲಂಪುರದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಅಂಕಿಅಂಶದ ಹಾಳೆ ಬಂದು ಹತ್ತು ದಿನವಾಯಿತು. ಇಂಡಿಯಾ ಎನ್ನುವುದರ ಕೆಳಗೆ ನಮ್ಮ ಮನೆಯ ಹೆಸರು ಟೈಪಾಗಿರುವುದನ್ನು ನೋಡಿ ಮೊದಲ ದಿನ ನಾನು ನೆಲದ ಮೇಲಿರಲಿಲ್ಲ. ಕಂಡಕಂಡವರಿಗೆಲ್ಲ ತೋರಿಸಿ ಬಂದೆ. ಮರುದಿನ ಸಾವಕಾಶವಾಗಿ ಓದಲು ಕುಳಿತೆ. ದೇವದುರ್ಗದ ಹೈಸ್ಕೂಲಿನಲ್ಲಿ ಈರಯ್ಯ ಮಾಸ್ತರರು ನಿಮ್ಮ ಹುಡುಗರ ಕೈಗೆ ಚೆಂಡು ಕೊಟ್ಟು, ಹೆಣ್ಣುಹುಡುಗಿ ಎಂದು ನನ್ನ ಕೈಗೆ ಪೆನ್ಸಿಲು ಕೊಟ್ಟು ಸ್ಕೋರ್ ಬರೆಯಲು ಕೂಡಿಸುತ್ತಿದ್ದರಲ್ಲ, ಆ ರೂಢಿ ಇನ್ನೂ ಹೋಗಿಲ್ಲ. ನೀನು ಒಟ್ಟು ಅಂಕ ನೋಡಿ ಖುಷಿಪಡುವವನು, ನಾನು ಅವು ಯಾವಾಗ ಬಂದವು ಎಂದು ನೋಡುವವಳು.

ಮೊದಲರ್ಧದ ಇಪ್ಪತ್ತೂ ನಿಮಿಷ ನೀನು ಅಂಗಳದಲ್ಲಿದ್ದೀಯ. ಏಳು ಸಲ ಬುಟ್ಟಿಗೆ ಎಸೆದು ನಾಲ್ಕು ಹಾಕಿದ್ದೀಯ, ಫ್ರೀ ಥ್ರೋ ಆರಕ್ಕೆ ಆರು, ರಿಬೌಂಡ್ ಒಂಬತ್ತು. ಹದಿನಾಲ್ಕು ಅಂಕ, ಶಹಬ್ಬಾಸ್! ಎರಡನೇ ಅರ್ಧದಲ್ಲಿ ಏಳೇ ನಿಮಿಷ, ಅದೂ ಎರಡು ಕಂತಿನಲ್ಲಿ. ಒಳಗೆ, ಹೊರಗೆ, ಮತ್ತೆ ಒಳಗೆ, ಮತ್ತೆ ಹೊರಗೆ. ಎಸೆದದ್ದು ನಾಲ್ಕು, ಬಿದ್ದದ್ದು ಸೊನ್ನೆ. ರಿಬೌಂಡ್ ಸೊನ್ನೆ. ಫ್ರೀ ಥ್ರೋ ಐದಕ್ಕೆ ಒಂದು. ಫೌಲುಗಳು ಎರಡೇ, ಆದ್ದರಿಂದ ನಿನ್ನನ್ನು ಹೊರಗೆ ಕರೆದದ್ದು ಫೌಲಿಗಲ್ಲ. ಅಂಚಿನಲ್ಲಿ ನೀನೇ ಗೀಚಿದ್ದೀಯ, "ಅಕ್ಕಾ, ನೆಲ ಭಾಳ ಜಾರತಿತ್ತು" ಎಂದು. ಎಲೋ ಶಾಣ್ಯಾ, ನೆಲ ಜಾರಿದರೆ ಓಡುವವನಿಗೆ ಕಷ್ಟ. ನಿಂತಲ್ಲೇ ನಿಂತು ಫ್ರೀ ಥ್ರೋ ಎಸೆಯುವವನಿಗೇನು? ನಾನು ತಂಡದ ಸಾಲೂ ನೋಡಿದೆ. ಎರಡನೇ ಅರ್ಧದಲ್ಲಿ ಇಂಡಿಯಾಕ್ಕೆ ಸಿಕ್ಕ ಫ್ರೀ ಥ್ರೋ ಹದಿನಾಲ್ಕು, ಬಿದ್ದದ್ದು ಒಂಬತ್ತು. ನಿನ್ನವನ್ನು ಕಳೆದರೆ ಉಳಿದವರು ಒಂಬತ್ತಕ್ಕೆ ಎಂಟು ಹಾಕಿದ್ದಾರೆ. ಅವರಿಗಾರಿಗೂ ಜಾರದ ನೆಲ ನಿನಗೊಬ್ಬನಿಗೇ ಜಾರಿತೇ? ಮಂಡಕ್ಕಿಯ ಪಂತ ಕಟ್ಟಿ ಕಣ್ಣು ಮುಚ್ಚಿ ಎಸೆಯುತ್ತಿದ್ದ ಕೈ ನಿನ್ನದು. ಆ ಕೈಗೆ ಬಲವಿರಲಿಲ್ಲ, ಅಥವಾ ನಿನಗೆ ಉಸಿರು ಸಿಗಲಿಲ್ಲ. ನನ್ನ ಹತ್ತಿರ ಸುಳ್ಳು ಹೇಳಬೇಡ.

ಆದರೂ ಇಷ್ಟಕ್ಕೇ ಹೆದರುವವಳಲ್ಲ ನಾನು. ಆಟದಲ್ಲಿ ಒಂದು ದಿನ ಹಾಗೂ ಆಗುತ್ತದೆ ಎಂದು ಸುಮ್ಮನಾಗಿದ್ದೆ. ಮೊನ್ನೆ ಗುರುವಾರ ಕನ್ನಡಕ ಬದಲಿಸಲು ರಾಯಚೂರಿಗೆ ಹೋದೆ. ಕಣ್ಣಿನ ಡಾಕ್ಟರು ಉಮ್ಮೇ ಕುಲ್ಸುಮ್ ಎಂದು, ಹೈದರಾಬಾದಿನಲ್ಲಿ ಓದಿ ಬಂದವರು. ದೀಪ ಹಿಡಿದು ನೋಡಿದವರು ನನ್ನ ಕಣ್ಣಿನೊಳಗಿನ ಮಸೂರವೇ ಜಾಗ ಬಿಟ್ಟು ಸರಿದಿದೆ ಎಂದರು. ಆಮೇಲೆ ಕಣ್ಣಿನ ಪರೀಕ್ಷೆ ಬಿಟ್ಟು ನನ್ನ ಕೈ ನೋಡತೊಡಗಿದರು. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟು ಎಂದರು, ಹೆಬ್ಬೆರಳಿನ ತುದಿ ಆಚೆ ಬದಿಗೆ ಬಂತು. ಹೆಬ್ಬೆರಳು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟು ಸುತ್ತು ಎಂದರು, ಒಂದರ ಮೇಲೊಂದು ಏರಿ ಕುಳಿತವು. ನಾನು ನಕ್ಕೆ, ಅವರು ನಗಲಿಲ್ಲ. "ನಿಮ್ಮನಿಯಾಗ ಹಿಂಗ ಎತ್ತರ, ಉದ್ದ ಕೈಯವರು ಯಾರರ ಅದಾರೇನಮ್ಮಾ? ಸಣ್ಣ ವಯಸ್ಸಿನಾಗ ಒಮ್ಮಿಗೇ ತೀರಿಹೋದವ್ರು?" ಎಂದು ಕೇಳಿದರು.

ಅಪ್ಪ ಹೋದಾಗ ನೀನು ನಾಲ್ಕು ವರ್ಷದವನು, ನಿನಗೆ ನೆನಪಿರಲಿಕ್ಕಿಲ್ಲ. ಹಂಪಯ್ಯನ ಕೈ ಮೊಣಕಾಲು ಮುಟ್ಟುತ್ತವೆ, ಆಜಾನುಬಾಹು, ರಾಜಯೋಗದವನು ಎಂದು ಮಂದಿ ಹೇಳುತ್ತಿದ್ದರು. ಎಂಥ ರಾಜಯೋಗ! ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ. ಆ ದಿನ ಅಂಡಿಗೆ ಇಳಿಸಿ, "ಎದಿಯಾಗ ಏನೋ ಹರದಂಗಾತಲೋ ಲಾಲ್ ಸಾಬ" ಎಂದು ಜೊತೆಗಾರನಿಗೆ ಹೇಳಿ ಕುಳಿತವನು ಏಳಲಿಲ್ಲ. ಮೂವತ್ತೇಳು ವರ್ಷ. ದೃಷ್ಟಿ ತಾಗಿತು ಎಂದರು ಊರವರು, ಅಷ್ಟಕ್ಕೆ ಮುಗಿಯಿತು. ಇದನ್ನೆಲ್ಲ ಡಾಕ್ಟರಿಗೆ ಹೇಳಿ, ನಿನ್ನ ಎತ್ತರ ಆರಡಿ ಐದಿಂಚು, ನೀನು ಬ್ಯಾಸ್ಕೆಟ್‌ಬಾಲ್ ಆಡುತ್ತೀಯ ಎಂದೂ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕೆಲವು ಮನೆತನಗಳಲ್ಲಿ ಎಲುಬು ಉದ್ದವಾಗಿ ಬೆಳೆಯುತ್ತವಂತೆ. ಅದರ ಜೊತೆಗೇ ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ತೆಳ್ಳಗಿರುತ್ತದಂತೆ. ಓಡಿದಾಗ, ಹಾರಿದಾಗ ಅದು ಹಿಗ್ಗುತ್ತ ಹೋಗಿ ಒಂದು ದಿನ ಸೀಳುತ್ತದೆ, ಆಮೇಲೆ ಯಾರ ಕೈಯಲ್ಲೂ ಇರುವುದಿಲ್ಲ. "ಎದಿ ತಪಾಸಣಿ ಆಗೋತನಾ ಅವನ್ನ ಓಡ್ಸಬ್ಯಾಡ್ರಿ. ಒಂದ್ ದಿನಾನೂ ಬ್ಯಾಡ" ಎಂದರು. ಬಸ್ಸಿನಲ್ಲಿ ಮಾನ್ವಿಯವರೆಗೂ ಹಾಳೆಯ ಆ ಏಳು ನಿಮಿಷವೇ ಕಣ್ಣ ಮುಂದೆ. ನಾವು ಹೆಮ್ಮೆಪಟ್ಟ ಕೈಗಳೇ, ತಮ್ಮಾ. ನನಗೆ ತುಂಬಾ ಹೆದರಿಕೆಯಾಗಿದೆ.

ನನಗೂ ಅದು ಇದ್ದೀತು. ನಾನು ಸೀಮೆಸುಣ್ಣಕ್ಕಿಂತ ಭಾರದ್ದು ಎತ್ತುವವಳಲ್ಲ, ನನ್ನ ಚಿಂತೆ ಬಿಡು. ಇಪ್ಪತ್ತೆಂಟಕ್ಕೆ ತಂಡ ಮತ್ತೆ ಪರದೇಶಕ್ಕೆ ಹೊರಡುತ್ತದೆ, ಎಂಟು ದಿನದಲ್ಲಿ ಐದು ಪಂದ್ಯ ಎಂದು ಬರೆದಿದ್ದೀಯ. ಹೋಗಬೇಡ, ಈ ಪತ್ರ ಕೈಸೇರಿದ ದಿನದಿಂದ ಅಭ್ಯಾಸಕ್ಕೂ ಇಳಿಯಬೇಡ. ಇದನ್ನು ಕೋಚ್‌ಗೆ ಹೇಳಿದರೆ ಶಿಬಿರದ ಡಾಕ್ಟರು ಮೊದಲು ತಂಡದಿಂದ ಹೆಸರು ಹೊಡೆದು ಆಮೇಲೆ ಪರೀಕ್ಷೆ ಮಾಡುತ್ತಾರೆ ಎಂದು ನೀನು ಬಾಯಿ ಬಿಡುವುದಿಲ್ಲ, ಗೊತ್ತು. ಅದಕ್ಕೇ ನಿನ್ನನ್ನು ಊರಿಗೆ ಕರೆಸಲು ಒಂದು ದಾರಿ ಮಾಡಿದ್ದೇನೆ. ನೀನು ಬಂದರೆ ಹೈದರಾಬಾದಿಗೆ ನಾನೇ ಕರೆದೊಯ್ಯುತ್ತೇನೆ, ಡಾಕ್ಟರು ಚೀಟಿ ಕೊಟ್ಟಿದ್ದಾರೆ. ಏನೂ ಇಲ್ಲ ಎಂದರೆ ವಾಪಸು ಹೋಗಿ ಆಡು, ಅಕ್ಕ ಹುಚ್ಚಿ ಎಂದು ಜೀವನಪೂರ್ತಿ ನಗು. ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ಮುಖ ನೋಡಿದರೆ ಹೊಟ್ಟೆಯೊಳಗಿನದು ಓದುವವಳು ಅವಳು. ನಿನ್ನೆ ಎಲ್ಲ ಕೇಳಿಸಿಕೊಂಡು ಬಹಳ ಹೊತ್ತು ಶೇಂಗಾ ಸುಲಿಯುತ್ತ ಕುಳಿತಿದ್ದಳು.

ನೂರು ವರ್ಷ ಬಾಳು. ಈ ಮಾತನ್ನು ಈ ಸಲ ಕೈಮುಗಿದು ಬರೆಯುತ್ತಿದ್ದೇನೆ.

ಇಂತಿ ನಿನ್ನ ಅಕ್ಕ,
ಸೂಗಮ್ಮ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಇಪ್ಪತ್ತೊಂದನೇ ತಾರೀಖು ಸೋಮವಾರ ನಿಮ್ಮ ಕೋಚ್ ಹೆಸರಿಗೆ ತಾರು ಕೊಡುತ್ತೇನೆ: "ತಾಯಣ್ಣನ ತಾಯಿ ಗಂಭೀರ, ತಕ್ಷಣ ಕಳುಹಿಸಿ." ಅದು ಸುಳ್ಳು. ಒಮ್ಮೆಲೇ ಓದಿ ನಿನ್ನ ಎದೆ ಒಡೆಯಬಾರದೆಂದೇ ಈ ಪತ್ರ ಮೊದಲು ಬರಲಿ ಎಂದು ಕಾಯುತ್ತಿದ್ದೇನೆ. ತಾರು ಬಂದಾಗ ಮುಖ ಸಣ್ಣದು ಮಾಡಿಕೊಂಡು ಸಾವಕಾಶ ನಡೆದು ಸ್ಟೇಷನ್ನಿಗೆ ಹೋಗು, ರೈಲು ತಪ್ಪಿದರೂ ಓಡಬೇಡ. ತಾರಿನಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದಿದ್ದೆ. ಅವ್ವ ಬಿಡಲಿಲ್ಲ. "ಅಕ್ಕಗ ಆರಾಮಿಲ್ಲಂದ್ರ ಯಾರ್ ರಜಾ ಕೊಡ್ತಾರ? ನನ್ನ ಹೆಸರು ಹಾಕು" ಎಂದಳು. ಶಾಲೆ ತಪ್ಪಿಸಲು ಜ್ವರ ಎಂದು ಸುಳ್ಳು ಹೇಳಿದರೆ, ಆಡಿದ ಮಾತು ಖರೇ ಆಗುತ್ತದೆ ಎಂದು ನಮ್ಮ ಬಾಯಿಗೆ ಬಡಿಯುತ್ತಿದ್ದವಳು ಅವಳೇ ಅಲ್ಲವೇ? ಅದನ್ನೇ ನೆನಪಿಸಿದೆ. "ಗೊತ್ತದ ಬೇ. ಖರೇ ಆದ್ರ ನನಗ ಆಗ್ಲಿ. ನೀ ಬರಿ" ಎಂದಳು.